ಸಪ್ಪೆ ನೀರು

ಆ ಊರಿನವರಿಗೆ ಉಪ್ಪಿನ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಇದ್ದದ್ದೇ ನಲವತ್ತಾರು ಮನೆ, ಸುತ್ತ ಕಣ್ಣು ಹಾಯುವಷ್ಟು ದೂರ ಉಪ್ಪು ಬೆಳೆಯುವ ಪಾತಿಗಳು. ಬೇರೆ ಊರಿನ ಮಕ್ಕಳು ಮಣ್ಣಿನಲ್ಲಿ ಹೊರಳಾಡಿ ಬೆಳೆದರೆ ಇಲ್ಲಿನವು ಉಪ್ಪಿನಲ್ಲಿ ಹೊರಳಾಡಿ ಬೆಳೆದವು. ಬಾಗಿಲ ಚಿಲಕದ ಮೇಲೆ ಉಪ್ಪು, ಒಗೆದು ಹರವಿದ ಬಟ್ಟೆಯ ಮೇಲೆ ಉಪ್ಪು, ಬಾವಿಯ ನೀರಿನಲ್ಲೂ ಉಪ್ಪು. ಆ ನೀರಿನಲ್ಲಿ ಯಾರ ಬೇಳೆಯೂ ಬೇಯುತ್ತಿರಲಿಲ್ಲ. ಇದು ಗಾದೆಗೆ ಹೇಳಿದ ಮಾತಲ್ಲ. ಮೂರು ತಾಸು ಒಲೆಯ ಮೇಲಿಟ್ಟರೂ ಬೇಳೆ ಕಲ್ಲಿನಂತೆ ಕೂತಿರುತ್ತಿತ್ತು. ಪಟ್ಟಣ ಜೀಪಿನಲ್ಲಿ ಐದು ತಾಸಿನ ದಾರಿ, ಅದೂ ನೆಲ ಒಣಗಿದ್ದರೆ. ಕರೆಂಟಿನ ಕಂಬಗಳು ಅರ್ಧ ದಾರಿಯವರೆಗೆ ಬಂದು, ಸುಸ್ತಾದವರಂತೆ ಅಲ್ಲೇ ನಿಂತು ಎಷ್ಟೋ ವರ್ಷವಾಗಿತ್ತು.

ಈ ಊರಿಗೆ ಸೊಸೆಯಾಗಿ ಬಂದವಳೊಬ್ಬಳನ್ನು ಈಗ ಎಲ್ಲರೂ ಮೀಟರಕ್ಕ ಎಂದು ಕರೆಯುತ್ತಾರೆ. ಅವಳ ಸೆರಗಿನ ತುದಿಯಲ್ಲಿ ಪೆನ್ನಿನಷ್ಟು ಉದ್ದದ ಒಂದು ಮೀಟರು ಯಾವಾಗಲೂ ಗಂಟು ಹಾಕಿಕೊಂಡಿರುತ್ತದೆ. ನೀರಿಗೆ ಅದ್ದಿದರೆ ಅದರಲ್ಲಿ ಉಪ್ಪೆಷ್ಟಿದೆ ಎಂದು ಅಂಕಿ ತೋರಿಸುತ್ತದೆ. ಐನೂರರ ಒಳಗಿದ್ದರೆ ಕುಡಿಯಬಹುದು, ದಾಟಿದರೆ ಬೇಡ. ಊರ ಬಾವಿಯದು ಎರಡು ಸಾವಿರದ ನಾನೂರು. ಅವಳು ಅದನ್ನು ಅದ್ದದ ಜಾಗವಿಲ್ಲ. ಮಲಗಿದ್ದ ಗಂಡನ ಬೆವರಿಗೂ ಒಮ್ಮೆ ಅದ್ದಿದ್ದಳಂತೆ, ಆದರೆ ಇದು ಊರಿನವರು ಕಟ್ಟಿದ ಕತೆಯೂ ಇರಬಹುದು.

ಅವಳಿಗೆ ಈ ಹುಚ್ಚು ಹಿಡಿದದ್ದಕ್ಕೆ ಕಾರಣ ಗಂಡನೇ. ಎರಡು ವರ್ಷದ ಹಿಂದೆ ಅವನ ಮೂತ್ರಪಿಂಡದಲ್ಲಿ ಕಲ್ಲು ಎದ್ದಿತ್ತು. ಉಪ್ಪಿನ ಮೂಟೆಗಳ ಮೇಲೆ ಅವನನ್ನು ಮಲಗಿಸಿಕೊಂಡು ಐದು ತಾಸು ಲಾರಿಯಲ್ಲಿ ಕುಲುಕಿಸಿಕೊಂಡು ಹೋದಾಗ ಆ ಗಟ್ಟಿ ಆಳು ಮಗುವಿನ ಹಾಗೆ ಅತ್ತಿದ್ದ. ಆಸ್ಪತ್ರೆಯಲ್ಲಿ ಡಾಕ್ಟರು, "ನೀರು ಬದಲಾಯಿಸ್ರಿ" ಎಂದರು. "ಇರೋದು ಒಂದೇ ಬಾವಿ ಡಾಕ್ಟ್ರೇ, ಬದಲಾಯಿಸೋಕೆ ಎಲ್ಲಿಗೆ ಹೋಗಲಿ?" ಎಂದು ಇವಳು ಕೇಳಿದಳು. ಡಾಕ್ಟರ ಹಿಂದಿನ ಗೋಡೆಯಲ್ಲೇ ಉತ್ತರ ಅಂಟಿಸಿತ್ತು. ಕರೆಂಟಿಲ್ಲದ ದೂರದ ಊರುಗಳಿಗೆ ಬಿಸಿಲಿನಿಂದ ನಡೆಯುವ ನೀರಿನ ಯಂತ್ರ ಕೊಡುತ್ತೇವೆ, ಊರಿಂದ ಒಬ್ಬರು ಮೂರು ವಾರದ ತರಬೇತಿಗೆ ಬರಬೇಕು ಎಂಬ ಚೀಟಿ. ಇವಳು ಗಂಡನಿಗೆ ಗುಳಿಗೆ ನುಂಗಿಸಿ ಮನೆಗೆ ಕಳಿಸಿದವಳೇ ಆ ಚೀಟಿ ಹಿಡಿದುಕೊಂಡು ತರಬೇತಿಗೆ ಹೋದಳು.

ಹೀಗೆ ಬಂದ ಯಂತ್ರ ಊರಿನ ಹಳೆಯ ಉಪ್ಪಿನ ಉಗ್ರಾಣದಲ್ಲಿ ಕೂತಿತು. ಮಾಡಿನ ಮೇಲೆ ಹನ್ನೆರಡು ಸೋಲಾರ್ ಹಲಗೆ. ಗಾಳಿಯಲ್ಲಿ ಹಾರಿಬರುವ ಉಪ್ಪಿನ ಹುಡಿ ಅವುಗಳ ಮೇಲೆ ಕೂರುತ್ತದೆ ಎಂದು ಮೀಟರಕ್ಕ ದಿನಾ ಬೆಳಗ್ಗೆ ಏಣಿ ಹತ್ತಿ ಒದ್ದೆ ಬಟ್ಟೆಯಲ್ಲಿ ಒರೆಸುವಳು. ಒಂಬತ್ತರ ಬಿಸಿಲು ಬಿದ್ದೊಡನೆ ಪಂಪು ಗುಂಯ್ ಎನ್ನುವುದು. ಬಾವಿಯ ನೀರನ್ನು ಅದು ಸೋಸುವ ಪೊರೆಯ ಮೂಲಕ ಹಿಂಡಿ ಎರಡು ಪಾಲು ಮಾಡುವುದು. ಒಂದು ನಲ್ಲಿಯಲ್ಲಿ ಎಂಬತ್ತು ಎಂಬತ್ತೈದರ ಸಿಹಿನೀರು. ಇನ್ನೊಂದು ಕೊಳವೆಯಲ್ಲಿ ಉಳಿದ ಗಾಢ ಉಪ್ಪುನೀರು, ಅದು ನೇರ ಪಾತಿಗಳಿಗೆ. ಕುಡಿಯುವ ನೀರಿನಿಂದ ತೆಗೆದ ಉಪ್ಪು ಮೂಟೆಯಾಗಿ ಪೇಟೆಗೆ ಹೋಗುತ್ತದೆ ಎಂದರೆ ಯಾರಿಗೆ ತಾನೇ ಖುಷಿಯಾಗದು?

ಅತ್ತೆಗೆ ಆಗಲಿಲ್ಲ.

ಅತ್ತೆಯನ್ನು ಊರು ನಾಲಿಗೆಯಮ್ಮ ಎಂದು ಕರೆಯುತ್ತಿತ್ತು. ಪಾತಿಯ ನೀರಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿ, "ಇನ್ನೆರಡು ದಿನ ಬಿಡ್ರಿ" ಅಥವಾ "ಇವತ್ತೇ ಎಳೀರಿ" ಎಂದು ಹೇಳುವುದು ಅವರ ಕೆಲಸ. ಅವರು ಹೇಳಿದ ದಿನ ಗೋರುಮಣೆ ಹಾಕಿ ಎಳೆದರೆ ಹರಳು ಹರಳಾದ ಉಪ್ಪು. ಒಂದು ದಿನ ಹಿಂದೆ ಮುಂದೆ ಮಾಡಿದವರು ಕೆಸರು ಬಾಚಿಕೊಂಡು ತಲೆ ಮೇಲೆ ಕೈ ಹೊತ್ತು ಕೂತದ್ದುಂಟು. ನಲವತ್ತು ವರ್ಷದಲ್ಲಿ ಆ ನಾಲಿಗೆ ತಪ್ಪಿರಲಿಲ್ಲ. ಬೇರೆ ಅರ್ಥದಲ್ಲೂ ಅದು ಸ್ವಲ್ಪ ಉದ್ದವೇ ಇತ್ತು ಎಂದು ಸೊಸೆ ಹೇಳಬಲ್ಲಳು, ಆದರೆ ಮನೆಯ ಮಾತು ಮನೆಯಲ್ಲಿರಲಿ.

ಯಂತ್ರದ ಮೊದಲ ಲೋಟ ನೀರನ್ನು ಸೊಸೆ ಅತ್ತೆಯ ಕೈಗೇ ಕೊಟ್ಟಳು. ಊರೆಲ್ಲ ನೋಡುತ್ತಿತ್ತು. ಅತ್ತೆ ಒಂದು ಗುಟುಕು ಬಾಯಲ್ಲಿ ಆ ಕಡೆ ಈ ಕಡೆ ಆಡಿಸಿ ನುಂಗಿದರು.

"ಹೇಗಿದೆ ಅತ್ತೆ?"

"ಸಪ್ಪೆ."

ಅಷ್ಟೇ. ಆ ಒಂದು ಮಾತು ಸಂಜೆಯೊಳಗೆ ನಲವತ್ತಾರು ಮನೆಯನ್ನೂ ಸುತ್ತಿ ಬಂತು. ಮೊದಲ ದಿನ ನಲ್ಲಿಯ ಮುಂದೆ ಜಾತ್ರೆಯಂತೆ ಜನ, ಎರಡನೆಯ ದಿನ ಅದರಲ್ಲಿ ಅರ್ಧ, ಮೂರನೆಯ ದಿನ ನಾಲ್ಕೇ ಕೊಡ. ಮೀಟರಕ್ಕ ಅಂಗಡಿಯ ಕಟ್ಟೆಯ ಮೇಲೆ ನಿಂತು ಗಂಟಲು ಹರಿಯುವಂತೆ ಭಾಷಣ ಮಾಡಿದಳು. ಕಲ್ಲಿನ ಬಗ್ಗೆ, ರಕ್ತದ ಒತ್ತಡದ ಬಗ್ಗೆ, ಕೀಲುನೋವಿನ ಬಗ್ಗೆ. ಅಂಗಡಿ ಮಾವ ತಕ್ಕಡಿ ಒರೆಸುತ್ತಾ ಎಲ್ಲ ಕೇಳಿ, "ಎಲ್ಲ ಸರಿ ತಾಯಿ, ಆದ್ರೆ ಗಂಟಲಲ್ಲಿ ಇಳೀಬೇಕಲ್ಲ! ಕುಡಿದ್ರೆ ಏನೂ ಕುಡಿದ ಹಾಗೇ ಆಗಲ್ಲ" ಎಂದ.

ಆದರೆ ಆರನೆಯ ದಿನ ಏನಾಯಿತೋ, ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಉಗ್ರಾಣದಿಂದ ಅಂಗಡಿಯವರೆಗೆ ಕೊಡಗಳ ಸಾಲು. ಅಂದಿನಿಂದ ನಲವತ್ತಾರು ಮನೆಯೂ ತಪ್ಪಲಿಲ್ಲ. ಮೀಟರಕ್ಕ ನೆಲದ ಮೇಲೆ ನಡೆಯುವುದನ್ನೇ ಬಿಟ್ಟಳು. "ನೋಡಿ, ಭಾಷಣ ಹೇಗೆ ನಾಟಿತು!" ಎಂದು ಗಂಡನೆದುರು ಕೈ ತಿರುಗಿಸಿದಳು. ಗಂಡ "ಹೂಂ" ಎಂದು ತಟ್ಟೆ ನೋಡಿಕೊಂಡು ಊಟ ಮಾಡಿದ. ಅತ್ತೆ ಕೆಮ್ಮಿದರು. ಆಗಲೇ ಇವಳಿಗೆ ಅನುಮಾನ ಬರಬೇಕಿತ್ತು. ಗೆದ್ದವರಿಗೆ ಅನುಮಾನ ಎಲ್ಲಿಂದ ಬರಬೇಕು!

ಎರಡು ತಿಂಗಳು ಹಾಲು ಜೇನಿನಂತೆ ಕಳೆಯಿತು. ತರಬೇತಿಯಲ್ಲಿ ಕೊಟ್ಟಿದ್ದ ಹಾಳೆಯಲ್ಲಿ, ಎರಡು ತಿಂಗಳಾದ ಮೇಲೆ ಮನೆಗಳ ಕೊಡದಲ್ಲಿರುವ ನೀರನ್ನೂ ಅಳೆಯಿರಿ ಎಂದು ಬರೆದಿತ್ತು. ಹಾಳೆಯಲ್ಲಿ ಬರೆದದ್ದನ್ನು ಮೀಟರಕ್ಕ ಬಿಡುವವಳಲ್ಲ. ಒಂದು ಗುರುವಾರ ಹತ್ತಕ್ಕೆ ದರ್ಜಿಯ ಮನೆಗೆ ಹೋಗಿ, ಕೊಡದ ಮುಚ್ಚಳ ತೆಗೆದು ಮೀಟರು ಅದ್ದಿದಳು.

ಸಾವಿರದ ನೂರ ಎಂಬತ್ತು.

ಮೀಟರನ್ನು ಕೊಡವಿದಳು, ಒರೆಸಿ ಮತ್ತೆ ಅದ್ದಿದಳು. ಸಾವಿರದ ನೂರ ಎಂಬತ್ತು. ಹೊಲಿಗೆ ಯಂತ್ರದ ಹಿಂದೆ ಕೂತಿದ್ದ ದರ್ಜಿ ದಾರ ಪೋಣಿಸುವುದರಲ್ಲಿ ಮುಳುಗಿಹೋಗಿದ್ದ. ಸೂಜಿಯ ಕಣ್ಣು ಅವನಿಗೆ ಅಂದಿನಷ್ಟು ಸಣ್ಣದಾಗಿ ಎಂದೂ ಕಂಡಿರಲಿಲ್ಲವೇನೋ. ಪಕ್ಕದ ಮನೆಯಲ್ಲಿ ಎಂಟುನೂರ ಇಪ್ಪತ್ತು. ಅದರಾಚೆಗೆ ಒಂಬೈನೂರು. ಅಂಗಡಿ ಮಾವನಲ್ಲಿ ಸಾವಿರದ ನಾನೂರು, ಅವನ ಅಂಗೈ ಮೊರದಗಲ ಇರುವುದಕ್ಕೂ ಅದಕ್ಕೂ ಸಂಬಂಧವಿದೆ ಎಂದು ಪಾಪ ಇವಳಿಗೆ ಹೊಳೆಯಲಿಲ್ಲ. ಓಡಿಹೋಗಿ ಯಂತ್ರದ ನಲ್ಲಿಯ ನೀರಿಗೆ ಅದ್ದಿದಳು. ಎಂಬತ್ತೆರಡು. ನಲ್ಲಿಯಲ್ಲಿ ಎಂಬತ್ತೆರಡು, ಮನೆಗೆ ಹೋಗುವುದರೊಳಗೆ ಸಾವಿರ! ನೀರಿಗೆ ದಾರಿಯಲ್ಲಿ ಯಾವ ದೆವ್ವ ಹೊಕ್ಕುತ್ತದೆ?

ಯೋಚಿಸಿ ನೋಡೋಣ, ನಾಳೆ ಮತ್ತೆ ಅಳೆಯೋಣ ಎನ್ನುವ ಸ್ವಭಾವ ಅವಳದಲ್ಲ. ಊರಿನಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಅತಿ ಎತ್ತರದ ಉಪ್ಪಿನ ರಾಶಿಯ ತುದಿಯಲ್ಲಿ ಮಾತ್ರ. ಎರಡು ಹೆಜ್ಜೆ ಹತ್ತಿ ಒಂದು ಹೆಜ್ಜೆ ಜಾರುತ್ತಾ ಮೇಲೇರಿ, ಯಂತ್ರ ಕೊಟ್ಟ ಎಂಜಿನಿಯರ್ ಮೇಡಂಗೆ ಫೋನು ಹಚ್ಚಿ, "ಮೇಡಂ, ಮೆಷಿನ್ ಏನೋ ಕೈ ಕೊಟ್ಟಿದೆ" ಎಂದು ಎಲ್ಲ ಒದರಿದಳು.

ಅತ್ತ ಮೇಡಂ ಹಾಳೆ ತಿರುವುವ ಸದ್ದು ಕೇಳಿಸಿತು. "ಮುಂದಿನ ಗುರುವಾರ ಬರ್ತೀನಮ್ಮ. ಚೀಟಿ ಎತ್ತಿ ಹತ್ತು ಮನೆ ಕೊಡ ನೋಡ್ತೀನಿ. ಹತ್ತೂ ಐನೂರರ ಒಳಗಿರಬೇಕು. ಇಲ್ದಿದ್ರೆ ಲಾರಿನೂ ಜೊತೆಗೇ ಬರ್ತಿದೆ, ಮೆಷಿನ್ ಬಿಚ್ಕೊಂಡು ಹೋಗ್ಬೇಕಾಗುತ್ತೆ. ಹನ್ನೊಂದು ಊರು ಕಾಯ್ತಾ ಇವೆ. ನಿಯಮ ಅದು, ನನ್ನ ಕೈಲಿ ಏನೂ ಇಲ್ಲ."

ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು. ಮೀಟರಕ್ಕ ರಾಶಿಯ ತುದಿಯಲ್ಲೇ ಕುಸಿದು ಕೂತಳು. ಕೆಳಗೆ ಉಗ್ರಾಣದ ಮಾಡಿನ ಮೇಲೆ ಹನ್ನೆರಡು ಹಲಗೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಅವು ಹೋದರೆ ಮತ್ತೆ ಅದೇ ಬಾವಿ, ಮತ್ತೆ ಅದೇ ಕಲ್ಲು, ಮತ್ತೆ ಮೂಟೆಗಳ ಮೇಲೆ ಗಂಡ. ಅವಳಿಗೆ ಅಳು ಬಂತು, ಆದರೆ ಅಲ್ಲಿ ಕೂತು ಅತ್ತರೆ ಊರಿಗೆಲ್ಲ ಕಾಣುತ್ತದೆ ಎಂದು ನುಂಗಿಕೊಂಡಳು.

ಮರುದಿನ ಅವಳ ತೀರ್ಮಾನ: ಕೊಡಗಳೇ ಉಪ್ಪು ಹಿಡಿದಿವೆ. ಊರಿನವರೆಲ್ಲ ಕೊಡಗಳನ್ನು ಬೂದಿ ಹಾಕಿ ತಿಕ್ಕಬೇಕು. ಊರು ಒಂದು ಎದುರು ಮಾತಾಡಲಿಲ್ಲ. ನಲವತ್ತೈದು ಮನೆಯ ಅಂಗಳದಲ್ಲಿ ಜನ ಕುಕ್ಕರಗಾಲಲ್ಲಿ ಕೂತು, ಮುಖ ಗಂಟು ಹಾಕಿಕೊಂಡು, ಪಾತ್ರೆಯ ಹೊಟ್ಟೆ ಸವೆಯುವಂತೆ ತಿಕ್ಕಿದರು. ಶನಿವಾರ ಅಳೆದರೆ ಮತ್ತೆ ಸಾವಿರ. ದರ್ಜಿಯ ಮನೆಯಲ್ಲಿ ಹೊಸ ಉತ್ಸಾಹಕ್ಕೋ ಏನೋ ಸಾವಿರದ ಇನ್ನೂರು ದಾಟಿತ್ತು.

ಹಾಗಾದರೆ ಯಂತ್ರದಲ್ಲೇ ಏನೋ ಇದೆ, ನಲ್ಲಿಯಲ್ಲಿ ಸರಿಯಿದ್ದು ಆಮೇಲೆ ಕೆಡುವಂಥದ್ದು. ಭಾನುವಾರ ಅವಳು ಸೋಸುವ ಕೊಳವೆಗಳನ್ನೇ ಬಿಚ್ಚಲು ಕೂತಳು. ಒಂದು ಬೋಲ್ಟು ಜಪ್ಪಯ್ಯ ಎಂದರೂ ಅಲುಗಲಿಲ್ಲ. ದೊಡ್ಡ ಪಾನಾ ಮನೆಯಲ್ಲಿತ್ತು. ಮಧ್ಯಾಹ್ನ ಎರಡು ಗಂಟೆ, ಊರೆಲ್ಲ ಊಟ ಮಾಡಿ ಅಡ್ಡಾಗುವ ಹೊತ್ತು. ಗಂಡ ಉಪ್ಪಿನ ಲಾರಿಯ ಜೊತೆ ಪಟ್ಟಣಕ್ಕೆ ಹೋಗಿ ಎರಡು ದಿನವಾಗಿತ್ತು. ಹಿತ್ತಿಲ ಬಾಗಿಲಿನಿಂದ ಒಳಗೆ ಬಂದವಳು ಅಡುಗೆಮನೆಯ ಹೊಸ್ತಿಲಲ್ಲಿ ನಿಂತುಬಿಟ್ಟಳು.

ದೊಡ್ಡ ಕೊಡದ ಮುಚ್ಚಳ ಪಕ್ಕಕ್ಕಿತ್ತು. ಅತ್ತೆ ಒಂದು ಕೈಯಲ್ಲಿ ಉಪ್ಪಿನ ಭರಣಿ ಹಿಡಿದು, ಇನ್ನೊಂದು ಕೈಯ ಮುಷ್ಟಿಯನ್ನು ಕೊಡದ ಮೇಲೆ ಬಿಚ್ಚುತ್ತಿದ್ದರು.

"ಅತ್ತೆ! ಏನ್ ಮಾಡ್ತಿದ್ದೀರಿ?"

ಅತ್ತೆ ಬೆಚ್ಚಿದರು, ಆದರೆ ಮುಷ್ಟಿ ಪೂರ್ತಿ ಬಿಚ್ಚಿಯೇ ತಿರುಗಿದರು. "ಕಾಣಲ್ವಾ? ನೀರಿಗೆ ರುಚಿ ಹಾಕ್ತಿದ್ದೀನಿ."

"ಉಪ್ಪು ತೆಗೀಲಿ ಅಂತ ನಾನು ಬೆಳಗ್ಗೆಯಿಂದ ಸಂಜೆವರೆಗೆ ಮೆಷಿನ್ ಓಡಿಸ್ತೀನಿ. ನೀವು ತಿರುಗಿ ಹಾಕ್ತೀರಾ?"

"ನೀನು ತೆಗೆದಷ್ಟು ಹಾಕಲ್ಲಮ್ಮ. ಅರ್ಧ ಹಿಡಿ."

"ಅರ್ಧ ಹಿಡಿ..." ಮೀಟರಕ್ಕನ ತಲೆಯಲ್ಲಿ ಅಂಗಡಿ ಮಾವನ ಮೊರದಗಲದ ಅಂಗೈ ಈಗ ಹಾದುಹೋಯಿತು. "ಊರವರೆಲ್ಲ ಹಾಕ್ತಾರಾ?"

"ಹಾಕ್ತಾರೆ."

"ಹೇಳಿಕೊಟ್ಟಿದ್ದು ನೀವಾ?"

"ಮತ್ತಿನ್ಯಾರು? ನಿನ್ನ ಗಂಡನಿಗೆ ಇಷ್ಟು ಬುದ್ಧಿ ಎಲ್ಲಿದೆ? ನೀರು ತರೋದು, ಅರ್ಧ ಹಿಡಿ ಹಾಕೋದು, ಅಷ್ಟು ಹೇಳಿಕೊಟ್ಟಿದ್ದೀನಿ ಅವನಿಗೆ. ನಿಮ್ಮಿಬ್ಬರ ಹೂಜಿಗೆ ಮಾತ್ರ ಹಾಕಲ್ಲ. ಅವನಿಗೆ ಕಲ್ಲು, ನಿನಗೆ ಹಟ."

ದೀಪದ ಬುಡದಲ್ಲೇ ಕತ್ತಲೆ. ಊರಿನ ಕೊಡಗಳನ್ನೆಲ್ಲ ಅಳೆದವಳು ತನ್ನ ಮನೆಯ ಕೊಡಕ್ಕೆ ಮೀಟರು ಅದ್ದಿರಲಿಲ್ಲ. ಊರಿಗೆಲ್ಲ ಗೊತ್ತು, ಗಂಡನಿಗೆ ಗೊತ್ತು, ತಿಕ್ಕಿ ತಿಕ್ಕಿ ಬೆರಳು ಸವೆಸಿದವರಿಗೆಲ್ಲ ಗೊತ್ತು. ತಿಳಿಯದವಳು ತಾನೊಬ್ಬಳೇ! ಅವಮಾನ, ಸಿಟ್ಟು ಎರಡೂ ಒಟ್ಟಿಗೆ ನೆತ್ತಿಗೇರಿದವು.

"ಬೇಲಿನೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲ ಅತ್ತೆ! ನನ್ನ ಮೆಷಿನ್ ಮೇಲೆ ನಿಮಗೆ ಇಷ್ಟು ಹೊಟ್ಟೆಕಿಚ್ಚಾ?"

ಅತ್ತೆ ಭರಣಿಯನ್ನು ಕೆಳಗಿಟ್ಟರು. ಅವರ ದನಿ ಏರಲಿಲ್ಲ, ಅದೇ ವಿಚಿತ್ರ.

"ಮೂರನೇ ದಿನ ನಾಲ್ಕು ಕೊಡ ಬಂದಿತ್ತು, ನೆನಪಿದೆಯಾ? ಆವತ್ತು ನೀನು ಊಟ ಬಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ. ನನ್ನ ಮಗ ಒದ್ದಾಡ್ತಿದ್ದಾಗ್ಲೂ ನೀನು ಹಾಗೆ ಸೋತು ಮಲಗಿದ್ದು ನಾನು ನೋಡಿಲ್ಲ. 'ಸಪ್ಪೆ' ಅಂದಿದ್ದು ನಾನು. ನನ್ನ ಬಾಯಿಂದ ಬಿದ್ದ ಮಾತು ನಿನ್ನ ಮೆಷಿನ್ ನಿಲ್ಲಿಸ್ತು. ಸುಳ್ಳು ಹೇಳೋಕೆ ಈ ನಾಲಿಗೆಗೆ ಬರಲ್ಲ, ಸಪ್ಪೆ ಇದ್ದಿದ್ದನ್ನ ಸಪ್ಪೆ ಅಂದೆ. ಆದ್ರೆ ಕಟ್ಟಿದ್ದು ಕೆಡಬಾರದಲ್ಲ? ಎರಡು ದಿನ ಮನೆಮನೆ ಹತ್ತಿ ಇಳಿದೆ. 'ಅರ್ಧ ಹಿಡಿ ಹಾಕ್ಕೊಳ್ರಿ, ಗಂಟಲಲ್ಲಿ ಇಳಿಯುತ್ತೆ. ಆದ್ರೆ ನೀರು ನನ್ನ ಸೊಸೆ ಹತ್ರಾನೇ ತರಬೇಕು. ಬಾವಿ ಕಡೆ ಹೋದ ಕಾಲು ಮುರೀತೀನಿ' ಅಂದೆ. ಆರನೇ ದಿನ ಬಂದ್ರಲ್ಲ, ಎಲ್ಲರೂ."

ಆ ಕೊಡಗಳ ಸಾಲು ಮೀಟರಕ್ಕನ ಕಣ್ಣೆದುರು ಬಂತು. ಅದು ಅವಳ ಭಾಷಣಕ್ಕೆ ಬಂದ ಸಾಲಾಗಿರಲಿಲ್ಲ. ಮಂಡಿನೋವಿನ ಈ ಮುದುಕಿ ನಲವತ್ತೈದು ಹೊಸ್ತಿಲು ದಾಟಿ ತಂದ ಸಾಲು.

"ನನಗೆ ಹೇಳಬಾರದಿತ್ತಾ?"

"ಹೇಗೆ ಹೇಳಲಿ? ಭಾಷಣ ನಾಟಿತು ಅಂತ ಕುಣಿದಾಡ್ತಿದ್ದೆ. ನಿನ್ನ ಆ ಮುಖ ನೋಡೋಕೆ ಚೆನ್ನಾಗಿತ್ತು."

ಸೊಸೆ ಅಲ್ಲೇ ನೆಲದ ಮೇಲೆ ಕೂತಳು. ಅತ್ತೆಯ ಮೇಲಿದ್ದ ಸಿಟ್ಟೆಲ್ಲ ಕರಗಿ, ಅದರ ಜಾಗದಲ್ಲಿ ತಡೆಯಲಾರದಷ್ಟು ಪ್ರೀತಿ ಬಂತು. ಹತ್ತು ವರ್ಷ ಒಂದೇ ಒಲೆ ಹಂಚಿಕೊಂಡಿದ್ದರೂ ಈ ಹೆಂಗಸನ್ನು ತಾನು ಅರ್ಧ ಮಾತ್ರ ಕಂಡಿದ್ದೆ ಅನ್ನಿಸಿತು. ಆದರೆ ಗುರುವಾರ ಹಾಗೇ ಇತ್ತು, ಲಾರಿಯೂ ಹಾಗೇ ಇತ್ತು. ಹತ್ತು ಕೊಡ, ಐನೂರರ ಒಳಗೆ, ಇನ್ನು ನಾಲ್ಕು ದಿನ. ಎಲ್ಲವನ್ನೂ ಅತ್ತೆಗೆ ಬಿಡಿಸಿ ಹೇಳಿದಳು.

"ಉಪ್ಪು ಹಾಕ್ಬೇಡಿ ಅಂದ್ರೆ ಮತ್ತೆ ಬಾವಿಗೆ ಹೋಗ್ತಾರೆ. ಹಾಕಿದ್ರೆ ಮೆಷಿನ್ ಹೋಗುತ್ತೆ. ಇನ್ನೇನು ಅತ್ತೆ, ಉಪ್ಪು ತಿಂದವರು ನೀರು ಕುಡೀಲೇಬೇಕು. ಕುಡಿಯೋಣ."

ಮಾಡಿದ್ದುಣ್ಣೋಣ ಎಂಬ ಅರ್ಥದಲ್ಲಿ, ಬೇಸತ್ತು ಆಡಿದ ಮಾತು. ಆದರೆ ಅತ್ತೆ ತಲೆಯೆತ್ತಿದರು.

"ಏನಂದೆ?"

"ಏನಿಲ್ಲ, ಗಾದೆ..."

"ಇನ್ನೊಂದ್ಸಲ ಹೇಳು."

"ಉಪ್ಪು ತಿಂದವರು ನೀರು ಕುಡೀಲೇಬೇಕು."

ಅತ್ತೆ ಭರಣಿಯಿಂದ ಒಂದೇ ಒಂದು ಹರಳನ್ನು ಉಗುರಿನಲ್ಲಿ ಆರಿಸಿಕೊಂಡು ನಾಲಿಗೆಯ ಮೇಲಿಟ್ಟುಕೊಂಡರು. ಕಣ್ಣು ಮುಚ್ಚಿ, ಪಾತಿಯ ಅಂಚಿನಲ್ಲಿ ನಿಲ್ಲುವ ಹಾಗೆ ನಿಂತು, ಅದು ಕರಗುವವರೆಗೆ ಕಾದರು. ಆಮೇಲೆ ಸೊಸೆಯ ಹೂಜಿಯಿಂದ, ಉಪ್ಪು ಬೀಳದ ಆ ನೀರನ್ನು, ಲೋಟಕ್ಕೆ ಬಗ್ಗಿಸಿ ಕುಡಿದರು. ಒಂದು ಗುಟುಕು, ಇನ್ನೊಂದು, ಆಮೇಲೆ ಲೋಟ ಪೂರ್ತಿ.

"ಸಿಹಿ," ಎಂದರು.

"ಏನು?"

"ಸಿಹಿ ಕಣೇ! ಉಪ್ಪಿನ ಬಾಯಿಗೆ ನಿನ್ನ ನೀರು ಸಿಹಿ! ನಾವು ಇಷ್ಟು ದಿನ ಉಪ್ಪನ್ನ ಕೊಡಕ್ಕೆ ತಿನ್ನಿಸ್ತಿದ್ವಿ. ಗಾದೆ ಹೇಳಿದ್ದು ಕೊಡಕ್ಕಲ್ಲ, ಬಾಯಿಗೆ!"

ಮೀಟರಕ್ಕನೂ ಒಂದು ಹರಳು ಬಾಯಿಗೆ ಹಾಕಿಕೊಂಡು ಕುಡಿದಳು. ನಿಜವೇ. ನಾಲಿಗೆಯ ಬದಿಯಲ್ಲಿ ಎಲ್ಲೋ ಒಂದು ತೆಳ್ಳನೆಯ ಸಿಹಿ ಬಂದು ನಿಂತಿತು. ಅರ್ಧ ಹಿಡಿಯಲ್ಲಿ ಇಂಥ ಹರಳು ಎಷ್ಟು ನೂರು ಇರಬಹುದು ಎಂದು ಯೋಚಿಸಿ ಅವಳು ನಕ್ಕುಬಿಟ್ಟಳು. ಅತ್ತೆಯೂ ನಕ್ಕರು. ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು, ಹರಳು ಹಾಕಿಕೊಂಡು ನೀರು ಕುಡಿದು, ಹೊಟ್ಟೆ ಗುಳುಗುಳು ಎನ್ನುವವರೆಗೆ ನಕ್ಕರು.

ಸೋಮವಾರ ಬೆಳಗ್ಗೆ ಅತ್ತೆ ಸೊಸೆ ಜೋಡಿ ಊರ ಮೇಲೆ ಬಿತ್ತು. ಮುಂದೆ ಅತ್ತೆ, ಹಿಂದೆ ಮೀಟರು. ಈ ಸಲ ಭಾಷಣವಿಲ್ಲ. ಅತ್ತೆ ಪ್ರತಿ ಮನೆಯಲ್ಲೂ ಕೊಡವನ್ನು ಅಂಗಳಕ್ಕೆ ಬೋರಲು ಹಾಕಿಸುವರು, ಹೊಸ ನೀರು ತರಿಸುವರು, ಮನೆಯವರ ನಾಲಿಗೆಯ ಮೇಲೆ ಒಂದು ಹರಳು ಇಟ್ಟು, "ಈಗ ಕುಡಿ" ಎನ್ನುವರು. ದರ್ಜಿ ಕುಡಿದು ಕಣ್ಣರಳಿಸಿ ಹೆಂಡತಿಯನ್ನು ಕೂಗಿದ. ಅಂಗಡಿ ಮಾವ ಮಾತ್ರ ಪಟ್ಟು ಹಿಡಿದ.

"ನೀರಿಗೆ ಸರಿ, ಟೀಗೆ ಏನ್ ಮಾಡ್ಲಿ? ಉಪ್ಪಿಲ್ಲದ ಟೀ ನನ್ನ ಜನ್ಮದಲ್ಲಿ ಕುಡಿದಿಲ್ಲ."

"ಟೀಗೆ ಉಪ್ಪು ಹಾಕೋ ಊರು ಜಗತ್ತಿನಲ್ಲಿ ಇದೊಂದೇ ಇರಬೇಕು ಮಾವ. ಒಂದ್ಸಲ ಈ ನೀರಲ್ಲಿ ಮಾಡಿ ನೋಡಿ. ಹಾಲು ಒಡೆಯಲ್ಲ," ಎಂದಳು ಮೀಟರಕ್ಕ.

ಮಾವ ಹಣೆ ಸುಕ್ಕು ಮಾಡಿಕೊಂಡೇ ಕಾಸಿದ. ಹಾಲು ಒಡೆಯಲಿಲ್ಲ. ಒಂದು ಲೋಟ ಹೀರಿ ಎರಡನೆಯದಕ್ಕೆ ಕೈ ಹಾಕಿದ. ಅದೇ ಒಪ್ಪಿಗೆ.

ಮಂಗಳವಾರದ ಹೊತ್ತಿಗೆ ಊರಿಗೆ ಒಂದು ಹೊಸ ಮೋಜು ಸಿಕ್ಕಿತ್ತು. ಯಾರಾದರೂ ಹಳೆಯ ಚಟಕ್ಕೆ ಕೊಡಕ್ಕೆ ಉಪ್ಪು ಹಾಕಿದ್ದಾರೆಯೇ ಎಂದು ಅತ್ತೆ ಬೆರಳದ್ದಿ ನೋಡಿ ಅಂಕಿ ಹೇಳುವರು. ಸೊಸೆ ಮೀಟರು ಅದ್ದುವಳು. ಅತ್ತೆ "ತೊಂಬತ್ತು" ಎಂದರೆ ಮೀಟರು ತೊಂಬತ್ತೈದು. ಅತ್ತೆ "ಇಲ್ಲಿ ಯಾರೋ ಕೈ ಆಡಿಸಿದ್ದಾರೆ, ಮುನ್ನೂರು" ಎಂದರೆ ಮೀಟರು ಮುನ್ನೂರ ಹತ್ತು. ಊರು ಹೋ ಎಂದು ಚಪ್ಪಾಳೆ ತಟ್ಟುವುದು, ಆ ಮನೆಯವರು ನಾಚಿಕೊಂಡು ಕೊಡ ಚೆಲ್ಲುವರು. "ಬ್ಯಾಟರಿ ಇಲ್ಲದ ಮೀಟರು" ಎಂದು ದರ್ಜಿ ಅತ್ತೆಗೆ ಹೊಸ ಹೆಸರಿಟ್ಟ. ಬುಧವಾರ ಮೂರು ನಾಲ್ಕು ಮನೆಯವರು ಹರಳು ಹಾಕಿಕೊಳ್ಳುವುದನ್ನೇ ಮರೆತು ನೀರು ಕುಡಿದಿದ್ದರು. ಕೇಳಿದರೆ, "ಅಯ್ಯೋ, ನೆನಪೇ ಆಗಲಿಲ್ಲ" ಎಂದರು.

ಗುರುವಾರ ಹನ್ನೊಂದಕ್ಕೆ ಜೀಪು ಬಂತು. ಅದರ ಹಿಂದೆ, ಹೇಳಿದಂತೆಯೇ, ಖಾಲಿ ಲಾರಿ. ಮೀಟರಕ್ಕನ ಕಣ್ಣು ಲಾರಿಯ ಮೇಲೆಯೇ ಇತ್ತು. ಎಂಜಿನಿಯರ್ ಮೇಡಂ ಟೋಪಿ ತೆಗೆದು, ದೂಳು ಕೊಡವಿ, ಯಂತ್ರ ನೋಡಿ ತಲೆದೂಗಿದರು. ಮನೆಗಳ ಸಂಖ್ಯೆ ಬರೆದ ಚೀಟಿಗಳನ್ನು ಟೋಪಿಗೆ ಹಾಕಿ ಅಲುಗಾಡಿಸಿದರು. ಊರೆಲ್ಲ ಹಿಂದೆ ಹಿಂದೆ ಹೊರಟಿತು.

ಮೊದಲ ಮನೆ ತೊಂಬತ್ತು. ಎರಡನೆಯದು ಎಂಬತ್ತೆಂಟು. ದರ್ಜಿಯದು ನೂರ ಹತ್ತು; ಅವನು ತಾನೇ ಹೊಲಿದ ಅಂಗಿಯನ್ನು ಪ್ರದರ್ಶನಕ್ಕಿಟ್ಟವನಂತೆ ಎದೆಯುಬ್ಬಿಸಿದ. ಅಂಗಡಿ ಮಾವನದು ತೊಂಬತ್ತೆರಡು. ಒಂಬತ್ತು ಮನೆಯಾಯಿತು, ಒಂದೂ ತಪ್ಪಲಿಲ್ಲ. ಮೇಡಂ ಟೋಪಿಗೆ ಕೈ ಹಾಕಿ ಕೊನೆಯ ಚೀಟಿ ತೆಗೆದರು. ಹದಿನೇಳು.

ಅದು ಅತ್ತೆಯ ಮನೆ. ಮೀಟರಕ್ಕ ನಿರಾಳವಾಗಿ ಉಸಿರು ಬಿಟ್ಟಳು. ಬೇರೆ ಎಲ್ಲಾದರೂ ಹೆದರಬೇಕು, ತನ್ನ ಮನೆಯಲ್ಲೇನು?

ಬಾಗಿಲಲ್ಲಿ ಗಂಡ ನಿಂತಿದ್ದ. ಪಟ್ಟಣದಿಂದ ಅಂದು ಬೆಳಗ್ಗೆಯಷ್ಟೇ ಬಂದಿದ್ದ. ಹೆಂಡತಿಗೂ ಅಮ್ಮನಿಗೂ ಅವನ ಜೊತೆ ಎರಡು ಮಾತಾಡಲು ಪುರಸೊತ್ತಾಗಿರಲಿಲ್ಲ. ಇಬ್ಬರೂ ಓಡಾಡುತ್ತಿದ್ದುದನ್ನು ನೋಡಿ, ಅವನು ತಾನಾಗಿಯೇ ಮನೆಯ ಕೆಲಸಕ್ಕೆ ಕೈ ಹಾಕಿದ್ದ. "ಬನ್ನಿ ಬನ್ನಿ ಮೇಡಂ. ಈಗ ತಾನೇ ಹೊಸ ನೀರು ತಂದು ತುಂಬಿಸಿದ್ದೀನಿ," ಎಂದ ಹೆಮ್ಮೆಯಿಂದ.

ಮೇಡಂ ತಮ್ಮ ಮೀಟರು ಅದ್ದಿದರು. ಒಂಬೈನೂರ ಹತ್ತು.

ಅತ್ತೆ ಮಗನ ಮುಖ ನೋಡಿದರು. ಮಗನ ಮುಖದಲ್ಲಿ, ಏನೂ ತಪ್ಪು ಮಾಡದವನ ಆ ಮುಗ್ಧ ನಗು ಇನ್ನೂ ಇತ್ತು.

"ಲೋ, ಏನ್ ಹಾಕ್ದೆ?"

"ಅರ್ಧ ಹಿಡಿ. ನೀನೇ ಹೇಳಿದ್ದಲ್ಲಮ್ಮ, ದಿನಾ ಮರೀಬೇಡ ಅಂತ."

ಲಾರಿಯವನು ಬೀಗದ ಕೈ ತಿರುಗಿಸುತ್ತಾ ನಿಂತಿದ್ದ. ಅತ್ತೆ ಮುಂದೆ ಬಂದು ಏನೋ ಹೇಳಲು ಬಾಯಿ ತೆರೆದರು. ಮೀಟರಕ್ಕ ಅವರ ಕೈ ಹಿಡಿದು ನಿಲ್ಲಿಸಿದಳು.

"ಮೇಡಂ, ನಾನು ಹೇಳ್ತೀನಿ. ಮೆಷಿನ್ ಕೆಟ್ಟಿಲ್ಲ, ಯಾವತ್ತೂ ಕೆಟ್ಟಿರಲಿಲ್ಲ. ನಾವು ಉಪ್ಪಿನವರು. ಸಪ್ಪೆ ಅಂತ ನಮ್ಮ ಜನ ಮೂರೇ ದಿನಕ್ಕೆ ಬಿಟ್ಟಿದ್ರು. ನಾನು ಮಾಡಿದ ಭಾಷಣ ಒಬ್ರಿಗೂ ನಾಟ್ಲಿಲ್ಲ. ಊರನ್ನ ನಲ್ಲಿ ಹತ್ರ ತಂದಿದ್ದು ನಮ್ಮತ್ತೆ, ಉಪ್ಪು ಬಿಡಿಸಿದ್ದೂ ನಮ್ಮತ್ತೆ. ನಾನು ಬರೀ ಅಂಕಿ ಓದೋಳು." ಹೀಗೆ ಶುರು ಮಾಡಿ ಅರ್ಧ ಹಿಡಿಯಿಂದ ಒಂದು ಹರಳಿನವರೆಗೆ ಒಂದನ್ನೂ ಬಿಡದೆ ಹೇಳಿದಳು. ಊರಿನೆದುರು ಅದನ್ನು ಹೇಳಿದ್ದು ಅವಳಿಗೆ ಹಗುರವೆನ್ನಿಸಿತು. ಅತ್ತೆ ಮುಖ ಆಚೆ ತಿರುಗಿಸಿ ಸೆರಗಿನಿಂದ ಮೂಗು ಒರೆಸಿಕೊಂಡರು.

ಮೇಡಂ ಗಂಭೀರವಾಗಿಯೇ ಕೇಳುತ್ತಿದ್ದರು. ಕೊಡ ತಿಕ್ಕಿದ ಕತೆಗೆ ಬರುವಷ್ಟರಲ್ಲಿ ತುಟಿ ಕಚ್ಚಿಕೊಂಡರು. ಗಂಡನ ಅರ್ಧ ಹಿಡಿಗೆ ಬಂದಾಗ ತಡೆಯಲಾಗದೆ ಹೊಸ್ತಿಲ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಊರಿಗೆ ಅಷ್ಟೇ ಬೇಕಿತ್ತು, ಅಂಗಳವೆಲ್ಲ ನಕ್ಕಿತು. ಗಂಡ ತಲೆ ಕೆರೆದುಕೊಂಡು ಎಲ್ಲರಿಗಿಂತ ಕೊನೆಗೆ ನಕ್ಕ.

ಕೊಡವನ್ನು ಚೆಲ್ಲಿಸಿ, ಹೊಸ ನೀರು ತರಿಸಿ, ಮೇಡಂ ಮತ್ತೆ ಅಳೆದರು. ಎಂಬತ್ತನಾಲ್ಕು. ಅವರ ಹಾಳೆಯಲ್ಲಿ, ಮೊದಲ ಅಳತೆ ಹೆಚ್ಚು ಬಂದರೆ ಕಾರಣ ಬರೆಯಿರಿ ಎಂಬ ಒಂದು ಕಾಲಂ ಇತ್ತು. ಅದರಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿದರು: "ಮಗ ತಾಯಿಯ ಮಾತು ಕೇಳಿದ್ದಾನೆ."

"ಮೆಷಿನ್ ಇಲ್ಲೇ ಇರುತ್ತೆ," ಎಂದು ಆಮೇಲೆ ಸೇರಿಸಿದರು.

ಮೀಟರಕ್ಕ ಅತ್ತೆಯನ್ನು ತಬ್ಬಿಕೊಂಡಳು. ಹತ್ತು ವರ್ಷದಲ್ಲಿ ಮೊದಲ ಸಲ. ಅತ್ತೆ, "ಬಿಡೇ, ಜನ ನೋಡ್ತಾರೆ" ಎಂದರು, ಆದರೆ ತಾವು ಬಿಡಲಿಲ್ಲ. ಖಾಲಿ ಬಂದ ಲಾರಿ ಖಾಲಿ ಹೋಗಬಾರದು ಎಂದು ಊರವರು ಅದಕ್ಕೆ ಉಪ್ಪಿನ ಮೂಟೆ ಹೇರಲು ಶುರು ಮಾಡಿದರು.

ಅಂಗಡಿ ಮಾವನ ಟೀ ಕುಡಿಯುತ್ತಾ ಮೇಡಂ ಅತ್ತೆಯ ಕಡೆ ತಿರುಗಿದರು. "ಅಮ್ಮಾ, ನಾನು ಮೂರು ಊರಿಂದ ಮೆಷಿನ್ ವಾಪಸ್ ತಗೊಂಡು ಬಂದಿದ್ದೀನಿ. ಎಲ್ಲಾ ಕಡೆ ಇದೇ ಮಾತು, ನೀರು ಸಪ್ಪೆ. ನಾವು ಪೈಪ್ ನೋಡ್ತೀವಿ, ಪಂಪ್ ನೋಡ್ತೀವಿ. ಜನರ ನಾಲಿಗೆ ನೋಡ್ಬೇಕು ಅಂತ ನಮಗೆ ಯಾರೂ ಕಲಿಸ್ಲಿಲ್ಲ. ನಾಳೆ ಇನ್ನೊಂದು ಊರಲ್ಲಿ ಮೆಷಿನ್ ಇಳಿಸ್ತಿದ್ದೀವಿ. ನೀವು ಬಂದು ಎರಡು ದಿನ ಇರ್ತೀರಾ?"

ಅತ್ತೆ ಪಟ್ಟಣಕ್ಕೇ ಎರಡೇ ಸಲ ಹೋದವರು, ಅದೂ ಮಗನ ಕಾಯಿಲೆಗೆ. "ನಾನೊಬ್ಬಳೇ ಬರಲ್ಲ. ಇವಳು ಬಂದ್ರೆ ಬರ್ತೀನಿ," ಎಂದರು.

ಮೂರು ಗಂಟೆಗೆ ಅತ್ತೆ ಸೊಸೆ ಇಬ್ಬರೂ ಜೀಪಿನ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತಿದ್ದರು. ಗಂಡನಿಗೆ ಯಂತ್ರದ ಬೀಗ, ಒರೆಸುವ ಬಟ್ಟೆ, ಏಣಿ ಎಲ್ಲ ಒಪ್ಪಿಸಿಯಾಗಿತ್ತು. ಜೀಪು ಹೊರಟ ಮೇಲೂ ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿ, "ನಾನು ಹೇಳಿದ್ದು ನೆನಪಿರಲಿ! ಕೊಡಕ್ಕೆ ಏನೂ ಹಾಕ್ಬೇಡ! ಏನೂ ಅಂದ್ರೆ ಏನೂ!" ಎಂದು ಕೂಗುತ್ತಲೇ ಇದ್ದರು. ಪಾತಿಗಳು ಮುಗಿದು, ಅವರು ಕಾಣದ ನೆಲ ಶುರುವಾದಾಗ ತಲೆ ಒಳಗೆಳೆದುಕೊಂಡರು. ಸ್ವಲ್ಪ ಹೊತ್ತಿಗೆ ಸೊಸೆಯ ಕೈ ಮೇಲೆ ಅವರ ಒರಟು ಕೈ ಬಂದು ಕೂತಿತು.

"ಒಂಥರಾ ಹೆದರಿಕೆ ಆಗ್ತಿದೆ ಕಣೇ. ಅಲ್ಲಿ ನೀರು ಹೇಗಿರುತ್ತೋ. ಈ ನಾಲಿಗೆಗೆ ಗೊತ್ತಾಗದೇ ಹೋದ್ರೆ?"

"ಗೊತ್ತಾಗದಿದ್ರೆ ನಾನಿದ್ದೀನಲ್ಲ," ಎಂದಳು ಸೊಸೆ. "ನನಗೆ ಗೊತ್ತಾಗದಿದ್ರೆ ನೀವಿದ್ದೀರಿ."

ಅತ್ತೆ "ಹೂಂ" ಎಂದರು. ಮುಂದಿನ ಊರು ಬರುವವರೆಗೂ ಆ ಕೈ ಅಲ್ಲೇ ಇತ್ತು.